ಪೀಪಾಯಿಯ ಮೂಲ

ಹಳೆಯ ಉಕ್ಕಿನ ಪೀಪಾಯಿಯಿಂದ ಮಾಂಸಕ್ಕೆ ಹೊಗೆಯೂಡುವ ಒಲೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳುವವರನ್ನು ಕಂಡು ನಗುವವರುಂಟು. ನಾನು ನಗಲಾರೆ. ಮಲೆನಾಡಿನಲ್ಲಿ ಒಲೆಯ ಮೇಲಣ ಅಟ್ಟ ಮಾಡುತ್ತಿದ್ದುದೂ ಇದೇ ಕೆಲಸವಲ್ಲವೆ? ಕೆಳಗೆ ಕೆಂಡ, ಮೇಲೆ ಮಾಂಸ, ನಡುವೆ ಅವಸರವಿಲ್ಲದ ಹೊಗೆ. 200 ಲೀಟರಿನ ಪೀಪಾಯಿಯ ಬುಡದಲ್ಲಿ ಗಾಳಿಗಂಡಿ, ಮುಚ್ಚಳದಲ್ಲಿ ಹೊಗೆಗಂಡಿ, ಒಳಗೊಂದು ಕಬ್ಬಿಣದ ಜಾಲರಿ; ಗಾಳಿಗಂಡಿಯನ್ನು ಕಿರಿದು ಮಾಡಿದಷ್ಟೂ ಕಾವು ಇಳಿಯುತ್ತದೆ. ಇಷ್ಟೇ ಶಾಸ್ತ್ರ.

ನನ್ನ ತಕರಾರು ಬೇರೆ. ನದೀಮೂಲ, ಋಷಿಮೂಲ ಕೇಳಬಾರದೆನ್ನುತ್ತಾರೆ. ಪೀಪಾಯಿಯ ಮೂಲವನ್ನಂತೂ ಕೇಳಲೇಬೇಕು. ಕೀಟನಾಶಕ ತುಂಬಿದ್ದುದನ್ನು ಎಷ್ಟು ಸುಟ್ಟು ಉಜ್ಜಿದರೂ ಅಡುಗೆಗೆ ತರಲಾಗದು. ಅಡುಗೆ ಎಣ್ಣೆಯದಾದರೂ, ಒಳಗಣ ಲೇಪವನ್ನು ಬಯಲಿನಲ್ಲಿ ಸುಟ್ಟು, ಬರಿಯ ಉಕ್ಕು ಕಾಣುವವರೆಗೆ ಉಜ್ಜಬೇಕು. ಗುಜರಿಯವನು “ಇದರಲ್ಲಿ ಏನಿತ್ತೋ ಯಾರಿಗೆ ಗೊತ್ತು ಸ್ವಾಮಿ” ಎಂದನೋ, ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.