ಮನೆಯೇ ಪಾಠಶಾಲೆಯಾದರೆ?

ಮುಂಬಯಿಯಂತಹ ಮಹಾನಗರದಲ್ಲಿ ಶಾಲೆಗೆ ಹೋಗುವ ಮಗುವಿನ ದಿನಚರಿಗೂ ದುಡಿಯುವ ತಂದೆಯ ದಿನಚರಿಗೂ ಈಗ ಹೆಚ್ಚಿನ ಅಂತರವಿಲ್ಲ. ಬೆಳಗಿನ ಪಾಳಿಯ ಶಾಲೆಯಾದರೆ ಐದೂವರೆಗೆ ಎಬ್ಬಿಸಬೇಕು. ಅರೆನಿದ್ದೆಯಲ್ಲಿಯೇ ಹಾಲು ಕುಡಿಸಿ, ಹೆಗಲಿಗೆ ಚೀಲವೇರಿಸಿ ಬಸ್ಸು ಹತ್ತಿಸಬೇಕು. ಮಧ್ಯಾಹ್ನ ಮರಳಿದ ಮೇಲೆ ಟ್ಯೂಶನ್, ಅದರ ಬೆನ್ನಿಗೆ ಹೋಂವರ್ಕ್. ತಂದೆ ಲೋಕಲ್ ರೈಲಿನಿಂದಿಳಿದು ಮನೆ ಸೇರುವ ಹೊತ್ತಿಗೆ ಮಗು ಪುಸ್ತಕದ ಮೇಲೆ ತೂಕಡಿಸುತ್ತಿರುತ್ತದೆ, ಇಲ್ಲವೇ ಮೊಬೈಲಿನ ಪರದೆಯನ್ನು ದಿಟ್ಟಿಸುತ್ತಿರುತ್ತದೆ. ಇಂತಹ ದಿನದಲ್ಲಿ ಮಗು ಬಿಸಿಲಿನಲ್ಲಿ ಆಡಿದ್ದೆಷ್ಟು ಹೊತ್ತು, ತಾಯ್ನುಡಿಯಲ್ಲಿ ಮನಬಿಚ್ಚಿ ಮಾತನಾಡಿದ್ದೆಷ್ಟು ಹೊತ್ತು ಎಂದು ಲೆಕ್ಕವಿಟ್ಟರೆ ಹೆತ್ತವರಿಗೇ ಗಾಬರಿಯಾದೀತು.

ಈ ಲೆಕ್ಕವನ್ನು ಮಾಡಿನೋಡಿದ ಕೆಲವು ದಂಪತಿಗಳು ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸುವ ದಾರಿಯನ್ನು ಹಿಡಿದಿದ್ದಾರೆ. ಇದು ಸಾಯಂಕಾಲದ ಮನೆಪಾಠವಲ್ಲ. ಶಾಲೆಯ ಬದಲಿಗೆ ಮನೆಯೇ ವಹಿಸಿಕೊಳ್ಳುವ ಪೂರ್ಣ ಶಿಕ್ಷಣ. ಬಂಧುಬಳಗದವರ ಕಣ್ಣಿಗೆ ಇದು ಹುಚ್ಚು ಸಾಹಸವಾಗಿ ಕಂಡರೆ ಆಶ್ಚರ್ಯವಿಲ್ಲ. ಊರು ಬಿಟ್ಟು ಬಂದವರಿಗೆ ಮಕ್ಕಳ ವಿದ್ಯೆಯೇ ಆಸ್ತಿ; ಆ ಆಸ್ತಿಯೊಡನೆ ಪ್ರಯೋಗ ನಡೆಸುವುದು ಸುಲಭವಲ್ಲ. ಆದರೂ ಗೃಹಶಿಕ್ಷಣದ ಗುಣಗಳನ್ನು ತಾಳ್ಮೆಯಿಂದ ಪರಿಶೀಲಿಸುವುದು ಅವಶ್ಯ.

ಮೊದಲನೆಯದು ಆರೋಗ್ಯ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಗಳ ನಿದ್ದೆ ಬೇಕೆಂಬುದು ವೈದ್ಯರ ಸಲಹೆ. ಐದೂವರೆಗೆ ಏಳಬೇಕಾದ ಮಗು ಎಂಟೂವರೆಗಾದರೂ ಮಲಗಬೇಕು; ಮಹಾನಗರದ ಎಷ್ಟು ಮನೆಗಳಲ್ಲಿ ಅಷ್ಟರೊಳಗೆ ಊಟವಾಗಿರುತ್ತದೆ? ನಿದ್ದೆಗೆಟ್ಟ ಮಗುವಿನಲ್ಲಿ ಏಕಾಗ್ರತೆ ಕುಗ್ಗುತ್ತದೆ, ಸಿಡುಕು ಹೆಚ್ಚುತ್ತದೆ. ಇನ್ನು ಕಣ್ಣು. ದಿನಕ್ಕೆ ಸುಮಾರು ಎರಡು ಗಂಟೆಯಷ್ಟು ಹೊರಗಿನ ಬೆಳಕಿನಲ್ಲಿ ಕಳೆಯುವ ಮಕ್ಕಳಿಗೆ ಸಮೀಪದೃಷ್ಟಿಯ ದೋಷ ತಗಲುವ ಸಂಭವ ಕಡಿಮೆಯೆಂದು ತಿಳಿದುಬಂದಿದೆ. ಚೀಲದ ಹೊರೆಯಂತೂ ಹಳೆಯ ದೂರು. ಪ್ರೊಫೆಸರ್ ಯಶಪಾಲರ ಸಮಿತಿ 1993ರಲ್ಲಿಯೇ ಹೊರೆಯಿಲ್ಲದ ಕಲಿಕೆಯ ಅಗತ್ಯವನ್ನು ಸಾರಿತ್ತು. ಬೆನ್ನಿನ ಭಾರಕ್ಕಿಂತಲೂ ಅರ್ಥವಾಗದ್ದನ್ನು ಉರುಹೊಡೆಯುವ ಭಾರವೇ ಘೋರವೆಂದು ಅದು ಎಚ್ಚರಿಸಿತ್ತು. ಚೀಲದ ತೂಕ ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದು, ಎರಡನೆಯ ತರಗತಿಯವರೆಗೆ ಹೋಂವರ್ಕ್ ಕೂಡದೆಂದು ಕೇಂದ್ರದ 2020ರ ನೀತಿ ಹೇಳುತ್ತದೆ. ಮನೆಯಲ್ಲಿ ಕಲಿಯುವ ಮಗುವಿಗೆ ಇವು ಕಾಗದದ ಮೇಲಿನ ನಿಯಮಗಳಾಗಿ ಉಳಿಯುವುದಿಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ದಿನವಿಡೀ ಸಾಗುವ ಪಾಠ, ಒಂದೇ ಮಗುವನ್ನು ಎದುರಿಗೆ ಕೂರಿಸಿಕೊಂಡರೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಉಳಿದ ಸಮಯ ನಿದ್ದೆಗೆ, ಆಟಕ್ಕೆ, ಬಿಸಿಯೂಟಕ್ಕೆ ದೊರೆಯುತ್ತದೆ.

ಎರಡನೆಯದು ಭಾಷೆ, ಹೊರನಾಡ ಕನ್ನಡಿಗರಿಗೆ ಇದು ಮರ್ಮದ ವಿಷಯ. ಮನೆಮಾತು ಕನ್ನಡವೇ ಆಗಲಿ, ತುಳುವಾಗಲಿ, ಕೊಂಕಣಿಯಾಗಲಿ, ಶಾಲೆಯ ಇಂಗ್ಲಿಷು, ಆಟದ ಬಯಲಿನ ಹಿಂದಿ, ಪಠ್ಯದ ಮರಾಠಿ ಇವುಗಳ ನಡುವೆ ಕನ್ನಡದ ಅಕ್ಷರಕ್ಕೆ ಜಾಗವಿರುವುದಿಲ್ಲ. ಬೇಸಗೆಯಲ್ಲಿ ಊರಿಗೆ ಹೋದ ಮೊಮ್ಮಗ ಬಸ್ಸಿನ ಬೋರ್ಡು ಓದಲಾರದೆ ಅಜ್ಜನ ಮುಖ ನೋಡುತ್ತಾನೆ. ಅಜ್ಜ ನಗುತ್ತಾನೆ, ಆ ನಗುವಿನ ಹಿಂದಿನ ನೋವನ್ನು ಬಲ್ಲವರೇ ಬಲ್ಲರು.

ರವೀಂದ್ರನಾಥ ಠಾಕೂರರ ಬಾಲ್ಯ ಇಲ್ಲಿ ನೆನಪಿಗೆ ಬರುತ್ತದೆ. ಹಲವು ಶಾಲೆಗಳನ್ನು ಕಂಡು ಎಲ್ಲಿಯೂ ಒಗ್ಗದ ಆ ಹುಡುಗನಿಗೆ ನಿಜವಾದ ಶಿಕ್ಷಣ ದೊರೆತದ್ದು ಮನೆಯಲ್ಲಿ. ನಸುಕಿನಲ್ಲಿ ಪೈಲ್ವಾನನೊಡನೆ ಕುಸ್ತಿ, ಆಮೇಲೆ ಗಣಿತ, ಭೂಗೋಳ, ಇತಿಹಾಸ. ಸುತ್ತಲೂ ಇಂಗ್ಲಿಷಿನ ಮೋಹ ಹಬ್ಬಿದ್ದ ಕಾಲದಲ್ಲಿ ಅಣ್ಣ ಹೇಮೇಂದ್ರನಾಥರು ಬಂಗಾಳಿಯಲ್ಲಿಯೇ ಕಲಿಸಬೇಕೆಂದು ಪಟ್ಟುಹಿಡಿದಿದ್ದರು. ಆ ಋಣವನ್ನು ಕವಿ ತಮ್ಮ ನೆನಪುಗಳಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ.

ಗಾಂಧೀಜಿಯವರ ಉದಾಹರಣೆ ಇನ್ನೂ ಹತ್ತಿರದ್ದು, ಏಕೆಂದರೆ ಅವರೂ ಆಗ ಪರಸ್ಥಳದಲ್ಲಿ ದುಡಿಯುತ್ತಿದ್ದ ತಂದೆ. ಜೋಹಾನ್ಸ್‌ಬರ್ಗಿನಲ್ಲಿ ಮನೆಯಿಂದ ಕಚೇರಿಗೆ ಹೋಗಿಬರುವ ಸುಮಾರು ಐದು ಮೈಲಿಯ ನಡಿಗೆಯಲ್ಲಿ ಮಕ್ಕಳನ್ನು ಜೊತೆಗೆ ಕರೆದೊಯ್ದು, ಗುಜರಾತಿಯಲ್ಲಿ ಮಾತನಾಡುತ್ತ ಕಲಿಸುತ್ತಿದ್ದರು. ಎಳವೆಯಿಂದಲೇ ಇಂಗ್ಲಿಷು ಕಲಿಸಿದರೆ ಮಕ್ಕಳು ಬದುಕಿನ ಪೈಪೋಟಿಯಲ್ಲಿ ಮುಂದಾಗುವರೆಂದು ಗೆಳೆಯ ಪೋಲಕ್ ವಾದಿಸಿದಾಗಲೂ ಗಾಂಧೀಜಿ ಜಗ್ಗಲಿಲ್ಲ. ಮಕ್ಕಳು ಎರಡೂ ಭಾಷೆಗಳನ್ನು ಸರಾಗವಾಗಿ ಆಡುವವರಾದರು.

ಆದರೆ ಕತೆಯ ಇನ್ನರ್ಧವನ್ನು ಮರೆಮಾಚುವುದು ಸಲ್ಲದು. ಮಕ್ಕಳ ಪಾಠಕ್ಕೆ ದಿನಕ್ಕೊಂದು ಗಂಟೆಯನ್ನಾದರೂ ತಪ್ಪದೆ ಮೀಸಲಿಡಲು ತಮ್ಮಿಂದಾಗಲಿಲ್ಲವೆಂದು, ಆ ಕೊರತೆ ಮಕ್ಕಳ ಮನಸ್ಸಿನಲ್ಲಿ ಉಳಿಯಿತೆಂದು ಗಾಂಧೀಜಿಯವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಹಿರಿಯ ಮಗ ಹರಿಲಾಲ ತಂದೆಯನ್ನು ಬಿಟ್ಟು ಬಂದು ಅಹಮದಾಬಾದಿನ ಹೈಸ್ಕೂಲನ್ನು ಸೇರಿದ. ಗೃಹಶಿಕ್ಷಣವನ್ನು ಬಯಸುವ ಪ್ರತಿಯೊಬ್ಬರೂ ಮನನ ಮಾಡಬೇಕಾದ ಪಾಠವಿದು. ಹೆತ್ತವರ ಆದರ್ಶ ಮಗುವಿಗೆ ವಿದ್ಯೆಯಾಗುವುದಿಲ್ಲ. ಹೆತ್ತವರು ಕೊಡುವ ಸಮಯ ಮಾತ್ರ ವಿದ್ಯೆಯಾಗುತ್ತದೆ.

ಕಾನೂನು ಮತ್ತು ಪರೀಕ್ಷೆಯ ಅಂಜಿಕೆ ಸಹಜವೇ. 2009ರ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆನ್ನುತ್ತದೆ. ಆದರೆ ಸೇರಿಸದ ಪಾಲಕರಿಗೆ ದಂಡನೆಯನ್ನು ವಿಧಿಸಿಲ್ಲ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹದಿನಾಲ್ಕು ವರ್ಷ ತುಂಬಿದ ವಿದ್ಯಾರ್ಥಿ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಐದು ವಿಷಯಗಳಲ್ಲಿ ತೇರ್ಗಡೆಯಾದರೆ ಸಾಕು. ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಇದೆ. ಐದು ವರ್ಷಗಳ ಅವಧಿಯಲ್ಲಿ ಒಂದೊಂದೇ ವಿಷಯವನ್ನು ಮುಗಿಸುವ ಅನುಕೂಲವೂ ಉಂಟು.

ಕಾಡುವ ಆಕ್ಷೇಪಗಳು ಬೇರೆ ಇವೆ. ಒಡಹುಟ್ಟಿದವರಿಲ್ಲದ ಮಗು ನಾಲ್ಕು ಗೋಡೆಗಳ ನಡುವೆ ಒಂಟಿಯಾದರೆ ಶಾಲೆಗಿಂತ ಮನೆಯೇ ಸೆರೆಮನೆಯಾದೀತು. ಕಲಿಸುವ ಹೊಣೆಯೆಲ್ಲ ತಾಯಿಯೊಬ್ಬಳ ಹೆಗಲಿಗೇ ಬಿದ್ದರೆ ಅವಳ ಉದ್ಯೋಗ, ಆರೋಗ್ಯ ಎರಡಕ್ಕೂ ಸಂಚಕಾರ. ಬಾಡಿಗೆ ಮನೆಯಲ್ಲಿದ್ದು ಇಬ್ಬರೂ ದುಡಿಯಲೇಬೇಕಾದ ಕುಟುಂಬಕ್ಕೆ ಈ ದಾರಿ ತೆರೆದಿಲ್ಲವೆಂಬುದು ಸತ್ಯ. ಅಂತಹವರನ್ನು ಹೊಣೆಗೇಡಿಗಳೆನ್ನುವುದು ಅನ್ಯಾಯ.

ಆದರೆ ಗೃಹಶಿಕ್ಷಣದ ಸಾರ ಮಾತ್ರ ಎಲ್ಲ ಮನೆಗಳಿಗೂ ಎಟಕುವಂಥದು. ಶಾಲೆ ಬಿಡಿಸಿದವರೂ ಬಿಡಿಸದವರೂ ದಿನಕ್ಕೊಂದು ಗಂಟೆಯನ್ನು ಮಗುವಿಗೆಂದು ಕಟ್ಟಿಟ್ಟರೆ ಅರ್ಧ ಫಲ ಕೈಸೇರಿದಂತೆ. ಆ ಗಂಟೆಯಲ್ಲಿ ಟಿ.ವಿ. ಬೇಡ, ಮೊಬೈಲು ಬೇಡ. ಒಂದು ಪುಟ ಕನ್ನಡ ಓದು, ಅಡುಗೆಮನೆಯ ಅಳತೆಯಲ್ಲಿ ಒಂದಿಷ್ಟು ಗಣಿತ, ಕಟ್ಟಡದ ಕೆಳಗಿನ ಅಂಗಳದಲ್ಲಿ ಒಂದು ಸುತ್ತು ನಡಿಗೆ. ತಾಯಿಗೆ ಬಿಡುವಿಲ್ಲದ ದಿನ ತಂದೆ, ತಂದೆಗಿಲ್ಲದ ದಿನ ಅಜ್ಜಿ.

ಮುಂಬಯಿಯ ಕನ್ನಡಿಗರಿಗೆ ಇದು ಹೊಸ ವಿಚಾರವೂ ಅಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ತಟ್ಟೆ ಲೋಟ ತೊಳೆದ ಹುಡುಗರು ಇರುಳಿನಲ್ಲಿ ಕನ್ನಡ ರಾತ್ರಿಶಾಲೆಗಳ ಬೆಂಚುಗಳ ಮೇಲೆ ಕುಳಿತು ಓದಿ, ಬ್ಯಾಂಕು ಕಚೇರಿಗಳನ್ನು ಸೇರಿ ಬಾಳು ಕಟ್ಟಿಕೊಂಡದ್ದು ಈ ನಗರದಲ್ಲಿಯೇ. ವಿದ್ಯೆ ಹಗಲಿಗೂ ಗಂಟೆ ಬಾರಿಸುವ ಕಟ್ಟಡಕ್ಕೂ ಕಟ್ಟುಬಿದ್ದಿಲ್ಲವೆಂದು ಆ ಹಿರಿಯರು ತೋರಿಸಿಕೊಟ್ಟರು. ಅವರಿಗೆ ಸಂಘಸಂಸ್ಥೆಗಳು ಆಸರೆಯಾಗಿದ್ದವು. ಇಂದಿನ ಸಂಘಗಳೂ ಭಾನುವಾರ ಬೆಳಿಗ್ಗೆ ಸಭಾಭವನದ ಬಾಗಿಲು ತೆರೆದು, ಮನೆಯಲ್ಲಿ ಕಲಿಯುವ ಮಕ್ಕಳನ್ನೂ ಶಾಲೆಯ ಮಕ್ಕಳನ್ನೂ ಒಂದೆಡೆ ಕೂಡಿಸಿದರೆ ಒಂಟಿತನದ ಆಕ್ಷೇಪಕ್ಕೆ ಉತ್ತರವಾದೀತು; ನಿವೃತ್ತರ ಅನುಭವಕ್ಕೂ ಒಂದು ವಿನಿಯೋಗ ದೊರೆತೀತು. ಆಗ ಮುಂದಿನ ಬೇಸಗೆಯಲ್ಲಿ ಬಸ್ಸಿನ ಬೋರ್ಡನ್ನು ಮೊಮ್ಮಗನೇ ಅಜ್ಜನಿಗೆ ಓದಿ ಹೇಳಿಯಾನು.