ನಿಂತ ಪಾಲಿಸಿಯ ಮೇಲೆ ಹದ್ದಿನ ಕಣ್ಣು

'ಸಾರ್, ಹೈದರಾಬಾದಿನ ವಿಮಾ ಪ್ರಾಧಿಕಾರದಿಂದ ಮಾತಾಡ್ತಿದ್ದೀವಿ. ನಿಮ್ಮ ಪಾಲಿಸಿ ನಿಂತುಹೋಗಿದೆಯಲ್ಲ, ಅದರ ಹಣ ಬೋನಸ್ ಸಮೇತ ನಮ್ಮ ಹತ್ರ ಇದೆ. ಏಜೆಂಟ್ ಕೋಡ್ ತೆಗೆಸಿಬಿಟ್ರೆ ಪೂರ್ತಿ ನಿಮಗೇ ಬರುತ್ತೆ.' ನಿವೃತ್ತರ ಮನೆಗಳಿಗೆ ವರ್ಷಗಳಿಂದ ಬರುತ್ತಿರುವ ಕರೆ ಇದು. ಪಾಲಿಸಿ ನಂಬರು, ಕಟ್ಟಿದ ಕಂತು, ನಾಮಿನಿಯ ಹೆಸರು ಎಲ್ಲವನ್ನೂ ಆಚೆಯವರು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅಲ್ಲಿಗೆ ಅರ್ಧ ಅನುಮಾನ ಕರಗುತ್ತದೆ. ಲಾಂಛನ, ಮೊಹರು, ಸಹಿ ಇರುವ ಪತ್ರವೊಂದು ವಾಟ್ಸ್‌ಆ್ಯಪ್‌ಗೆ ಬಂದರೆ ಉಳಿದರ್ಧವೂ ಹೋಯಿತು. ಮುಂದಿನದು ವಸೂಲಿ: ಮೊದಲು ಫೈಲ್ ಚಾರ್ಜು, ಆಮೇಲೆ ಜಿಎಸ್‌ಟಿ, ಅದಾದ ಮೇಲೆ ಟಿಡಿಎಸ್. ಕೊಟ್ಟದ್ದು ಮುಳುಗಬಾರದೆಂಬ ಆತಂಕಕ್ಕೇ ಮತ್ತೆ ಕೊಡುತ್ತಾ ಹೋಗುತ್ತಾರೆ.

ವಿಮಾ ಕಂಪನಿಗಳನ್ನು ನಿಯಂತ್ರಿಸುವ ಪ್ರಾಧಿಕಾರ ಪಾಲಿಸಿ ಮಾರುವುದಿಲ್ಲ, ಬೋನಸ್ ಹಂಚುವುದಿಲ್ಲ, ಯಾರ ಪ್ರೀಮಿಯಂ ಹಣವನ್ನೂ ಇಟ್ಟುಕೊಳ್ಳುವುದಿಲ್ಲ. ಅದನ್ನು ಅದೇ ಮತ್ತೆ ಮತ್ತೆ ಪ್ರಕಟಣೆ ಕೊಟ್ಟು ಹೇಳಿದೆ. ಪಾಲಿಸಿಯ ಹಣದ ಮೇಲೆ ತೆರಿಗೆ ಬೀಳುವುದಿದ್ದರೆ ಕಂಪನಿ ಅದನ್ನು ಮುರಿದುಕೊಂಡೇ ಬಾಕಿ ಹಣ ಕೊಡುತ್ತದೆ, ಮುಂಚಿತವಾಗಿ ಕಟ್ಟಿ ಎನ್ನುವುದಿಲ್ಲ. ಜಿಎಸ್‌ಟಿಯಂತೂ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಪ್ರೀಮಿಯಂ ಮೇಲೆಯೇ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಹಣ ಕೊಡಬೇಕಾದವನೇ ಹಣ ಕೇಳುತ್ತಿದ್ದಾನೆಂದರೆ ಫೋನ್ ಇಟ್ಟುಬಿಡಬೇಕು, ವಾದಕ್ಕೂ ನಿಲ್ಲಬಾರದು.

ಮೋಸ ಹೋದವರನ್ನು ದುರಾಸೆಯವರು ಎಂದು ಮೂಗು ಮುರಿಯುವವರಿದ್ದಾರೆ. ಅದು ಅನ್ಯಾಯದ ಮಾತು. ಈ ಜನ ಬಯಸಿದ್ದು ಲಾಟರಿಯನ್ನಲ್ಲ, ತಾವೇ ಕಟ್ಟಿದ ದುಡ್ಡನ್ನು. ಆ ಪಾಲಿಸಿ ನಿಂತದ್ದಾದರೂ ಏಕೆ? ಠೇವಣಿ ನವೀಕರಿಸಲು ಬ್ಯಾಂಕಿಗೆ ಹೋದ ಹಿರಿಯರಿಗೆ 'ಇದೂ ಎಫ್‌ಡಿ ಥರಾನೇ, ಬಡ್ಡಿ ಜಾಸ್ತಿ' ಎಂದು ಹೇಳಿ, ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕಿಸಿಕೊಳ್ಳುತ್ತಾರೆ. ಕಂಪನಿಯಿಂದ ಖಾತರಿಯ ಕರೆ ಬಂದಾಗ ಕೇಳಿದ್ದಕ್ಕೆಲ್ಲ ಹೌದು ಅನ್ನಿ ಎಂದೂ ಹೇಳಿಕೊಟ್ಟಿರುತ್ತಾರೆ. ಮರುವರ್ಷ ಎರಡನೇ ಕಂತಿನ ನೋಟಿಸು ಬಂದಾಗಲೇ ಇದು ಠೇವಣಿಯಲ್ಲ, ವರ್ಷ ವರ್ಷ ಕಟ್ಟಬೇಕಾದ ವಿಮೆ ಎಂದು ತಿಳಿಯುವುದು. ಪಿಂಚಣಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಪಾಲಿಸಿ ನಿಲ್ಲುತ್ತದೆ. ವಂಚಕರಿಗೆ ಬೇಕಾದ ಗಿರಾಕಿ ಸಿದ್ಧವಾಗುವುದು ಹೀಗೆ, ಹವಾನಿಯಂತ್ರಿತ ಶಾಖೆಯೊಳಗೆ, ರಸೀದಿ ಸಮೇತ. 2024ರ ನವೆಂಬರಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬ್ಯಾಂಕಿನವರ ಎದುರಿಗೇ ವಿಮೆಯ ತಪ್ಪು ಮಾರಾಟದ ಬಗ್ಗೆ ಎಚ್ಚರಿಸಿದ್ದರು.

ಆದ್ದರಿಂದ ನಿಜವಾದ ರಕ್ಷಣೆ ಫೋನು ಬರುವುದಕ್ಕಿಂತ ಬಹಳ ಮುಂಚೆ ಶುರುವಾಗಬೇಕು. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡವೆಂದು ಬರೆದುಕೊಟ್ಟರೆ ಅಲ್ಪ ಕಡಿತದೊಂದಿಗೆ ಹಣ ವಾಪಸು ಸಿಗುತ್ತದೆ. ಪಾಲಿಸಿಯ ಸಾರಾಂಶ ಹಾಳೆಯನ್ನು ಕನ್ನಡದಲ್ಲೇ ಕೊಡಿ ಎಂದು ಕೇಳಬಹುದು, ಕೇಳಬೇಕು. ಕಂಪನಿ ದೂರಿಗೆ ಕಿವಿಗೊಡದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರವಿದೆ. ಆದರೆ ಫೋನಿನ ವಂಚಕನಿಗೆ ಹಣ ಹೋಗಿದ್ದರೆ ಓಂಬುಡ್ಸ್‌ಮನ್ ಏನೂ ಮಾಡಲಾರರು. ಆಗ ಒಂದು ಗಂಟೆಯನ್ನೂ ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮನೆಯವರಿಗೆ ಹೇಗೆ ಹೇಳುವುದೆಂಬ ನಾಚಿಕೆಯಲ್ಲೇ ಎಷ್ಟೋ ಜನ ಆ ಗಂಟೆಗಳನ್ನು ಕಳೆದುಬಿಡುತ್ತಾರೆ.

ಇಷ್ಟೆಲ್ಲ ಗ್ರಾಹಕನ ಪಾಲಿನ ಕೆಲಸ. ಆದರೆ ನಾಮಿನಿಯ ಹೆಸರು ವಂಚಕನ ಬಾಯಿಗೆ ಹೋದದ್ದು ಗ್ರಾಹಕನ ಅಜಾಗರೂಕತೆಯಿಂದಲೇ ಎನ್ನಲಾದೀತೆ? 2024ರಲ್ಲಿ ಆರೋಗ್ಯ ವಿಮಾ ಕಂಪನಿ ಸ್ಟಾರ್ ಹೆಲ್ತ್‌ನ ಗ್ರಾಹಕರ ಮಾಹಿತಿ ಟೆಲಿಗ್ರಾಂನ ಚಾಟ್‌ಬಾಟ್‌ಗಳಲ್ಲಿ ಸಿಗುತ್ತಿದ್ದದ್ದು ಸುದ್ದಿಯಾಗಿತ್ತು. ತನ್ನ ಮೇಲೆ ಸೈಬರ್ ದಾಳಿ ನಡೆದದ್ದನ್ನು ಕಂಪನಿಯೂ ಒಪ್ಪಿಕೊಂಡಿತು. ಮಾಹಿತಿ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಕಾಯ್ದೆ 2023ರಲ್ಲೇ ಬಂದಿದೆ, ಅದರ ನಿಯಮಗಳು ಹೊರಬಿದ್ದದ್ದು ಮಾತ್ರ 2025ರ ನವೆಂಬರಿನಲ್ಲಿ.

ದಂಡದ ಮಾತು ಹಾಗಿರಲಿ, ಕಂಪನಿಗಳು ನಾಳೆಯಿಂದಲೇ ಮಾಡಬಹುದಾದ ಕೆಲಸವೊಂದಿದೆ. ನಿಂತ ಪಾಲಿಸಿಗೆ ಎಷ್ಟು ಬೆಲೆಯಿದೆ ಎಂಬುದು ಬಹುಪಾಲು ಗ್ರಾಹಕರಿಗೆ ಗೊತ್ತಿರುವುದಿಲ್ಲ, ವಂಚಕನ ಬೋನಸ್ಸು ಹುಟ್ಟುವುದೇ ಅಲ್ಲಿ. ಪಾಲಿಸಿ ನಿಂತ ಕೂಡಲೇ ಗ್ರಾಹಕನ ಭಾಷೆಯಲ್ಲಿ ಒಂದು ಪುಟದ ಪತ್ರ ಬರಲಿ: ನಿಮಗೆ ಇಷ್ಟು ರೂಪಾಯಿ ಸಿಗುತ್ತದೆ, ಇಂಥ ಶಾಖೆಯಲ್ಲಿ ಸಿಗುತ್ತದೆ, ಇದಕ್ಕಾಗಿ ಯಾರಿಗೂ ಏನೂ ಕಟ್ಟಬೇಕಿಲ್ಲ. ಸಿಗುವುದು ಏನೂ ಇಲ್ಲದಿದ್ದರೆ ಅದನ್ನೂ ಮುಚ್ಚಿಡದೆ ಬರೆಯಲಿ. ಪ್ರಾಧಿಕಾರ ಇದನ್ನು ಕಡ್ಡಾಯ ಮಾಡಬೇಕು.