ಮೋಡಕ್ಕೆ ಬೇಲಿ ಹಾಕುವ ಮುನ್ನ

ಕೆರೆಗೆ ಬೇಲಿ ಹಾಕಿದರು. ಬಾವಿಗೆ ಹಾಕಿದರು. ಗುಡಿ ಮುಂದಿನ ನಲ್ಲಿಗೂ ಹಾಕಿದರು. ಬೇಲಿ ಇಲ್ಲದೆ ಉಳಿದದ್ದು ಮೇಲಿನ ಮೋಡ ಒಂದೇ. ಅದು ಊರಿನ ಮೇಲೆ ಸುರಿದು ಕೇರಿಯನ್ನು ಬಿಟ್ಟು ಹೋಗುತ್ತಿರಲಿಲ್ಲ. ನಮ್ಮ ಗುಡಿಸಲು, ಗೌಡರ ತೊಟ್ಟಿಮನೆ ಎರಡರ ಮೇಲೂ ಅದೇ ಹನಿ. ಗುಡಿಸಲು ಸೋರುತ್ತಿತ್ತು, ತೊಟ್ಟಿಮನೆ ಸೋರುತ್ತಿರಲಿಲ್ಲ, ಆ ಮಾತು ಬೇರೆ.

ಈಗ ಆ ಮೋಡಕ್ಕೂ ಕಾಯ್ದೆ ಬೇಕು ಅನ್ನೋ ಮಾತು ವಿಧಾನಸಭೆಯವರೆಗೆ ಬಂದಿದೆ. ರಾಣೆಬೆನ್ನೂರಿನ ಶಾಸಕ ಪ್ರಕಾಶ ಕೋಳಿವಾಡರು 2023ರ ಬರಗಾಲದಲ್ಲಿ ಸ್ವಂತ ಖರ್ಚಿನಿಂದ ವಿಮಾನ ತರಿಸಿ ತಮ್ಮ ಸೀಮೆಯ ಮೇಲೆ ಮೋಡ ಬಿತ್ತನೆ ಮಾಡಿಸಿದರು. ಆಮೇಲೆ ಮೋಡ ಬಿತ್ತನೆಗೆ ಕಾನೂನಿನ ಆಧಾರ ಬೇಕು ಅಂತ ಖಾಸಗಿ ವಿಧೇಯಕವನ್ನೂ ತಂದರು. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರಕಾರವೇ ಸಾರಿತ್ತು. ಆದರೆ ಉದ್ದೇಶ ನೋಡಿ ಕಾನೂನು ಒಪ್ಪುವ ಅಭ್ಯಾಸ ನಮಗಿಲ್ಲ. ಯಾರ ಉದ್ದೇಶವನ್ನೂ ನಂಬಿ ನಾವು ಬದುಕಿ ಬಂದವರಲ್ಲ.

ಪರೀಕ್ಷೆ ಹತ್ತಿರ ಬಂತು, ಸ್ಕಾಲರ್‌ಶಿಪ್ ಬಂದಿಲ್ಲ, ಹಾಸ್ಟೆಲಿನ ತೊಟ್ಟಿಯಲ್ಲಿ ನೀರಿಲ್ಲ, ಇದರ ನಡುವೆ ಮೋಡದ ಮಾತು ಯಾಕಪ್ಪಾ ಅಂತ ಕೇಳಬಹುದು. ತೊಟ್ಟಿಯಲ್ಲಿ ನೀರಿಲ್ಲ ಅನ್ನೋದಕ್ಕೇ ಈ ಮಾತು. ನೀರಿನ ಮೂಲ ಯಾರ ಕೈಯಲ್ಲಿ ಇರುತ್ತದೋ ನಮ್ಮ ಜುಟ್ಟು ಅವರ ಕೈಯಲ್ಲಿ ಇರುತ್ತದೆ. ಇದನ್ನ ನಮ್ಮ ಅಜ್ಜಿಯರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಮೊದಲು ಇದೇನು ಅಂತ ತಿಳಿದುಕೊಳ್ಳೋಣ. ಮೋಡ ಬಿತ್ತನೆ ಅಂದರೆ ಮೋಡ ಹುಟ್ಟಿಸುವುದಲ್ಲ. ಆಗಲೇ ಇರುವ, ತೇವ ತುಂಬಿದ ಮೋಡಕ್ಕೆ ವಿಮಾನದಿಂದ ಕಣ ಬಿಡುವುದು. ತಣ್ಣನೆಯ ಎತ್ತರದ ಮೋಡವಾದರೆ ಸಿಲ್ವರ್ ಅಯೊಡೈಡ್. ಕೆಳಗಿನ ಬೆಚ್ಚನೆಯ ಮೋಡವಾದರೆ ಉಪ್ಪಿನ ಜಾತಿಯ ಪುಡಿ. ಆ ಕಣಕ್ಕೆ ತೇವ ಅಂಟಿ, ಹನಿ ದಪ್ಪವಾಗಿ, ಭಾರಕ್ಕೆ ಕೆಳಗೆ ಬೀಳಬೇಕು. 1946ರಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್, ಬರ್ನಾರ್ಡ್ ವಾನೆಗಟ್ ಇದರ ದಾರಿ ತೋರಿಸಿದರು. ಮೋಡವೇ ಇಲ್ಲದ ಆಕಾಶದಲ್ಲಿ ಎಷ್ಟು ಹಾರಿದರೂ ಇಂಧನದ ಬಿಲ್ಲು ಸುರಿಯುತ್ತದೆಯೇ ಹೊರತು ಮಳೆಯಲ್ಲ. 2025ರ ಅಕ್ಟೋಬರ್ 28ರಂದು ದಿಲ್ಲಿಯ ಹೊಗೆ ತೊಳೆಯಲು ಕಾನ್ಪುರದ ಐಐಟಿಯವರು ಹಾರಿದರು. ಮೋಡದಲ್ಲಿ ತೇವ ಸಾಲದೆ ದಿಲ್ಲಿ ಒಣಗಿಕೊಂಡೇ ಇತ್ತು.

ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. 2003ರಲ್ಲಿ ಎಸ್.ಎಂ. ಕೃಷ್ಣ ಸರಕಾರ 'ವರುಣ' ಅಂತ ಮಾಡಿತು. 2017ರಲ್ಲಿ ಸಿದ್ದರಾಮಯ್ಯ ಸರಕಾರ 'ವರ್ಷಧಾರೆ' ಅಂತ ಹೆಸರಿಟ್ಟು, ಸುಮಾರು 35 ಕೋಟಿ ರೂಪಾಯಿ ಇಟ್ಟು, ಆಗಸ್ಟ್ 21ರಂದು ಜಕ್ಕೂರಿನ ವಿಮಾನ ಮೈದಾನದಲ್ಲಿ ಹಸಿರು ಬಾವುಟ ತೋರಿಸಿತು. 2019ರಲ್ಲಿ ಹುಬ್ಬಳ್ಳಿಯಿಂದ ಮತ್ತೆ ಹಾರಾಟ.

ಈ 2017ರ ಕತೆಯನ್ನ ದಕ್ಷಿಣ ಬೆಂಗಳೂರಿನ ಹುಡುಗರು ಸ್ವಲ್ಪ ಗಮನ ಇಟ್ಟು ಕೇಳಬೇಕು. ಜಕ್ಕೂರಿನಲ್ಲಿ ಬಾವುಟ ಹಾರಿದ್ದು ಆಗಸ್ಟ್ 21ಕ್ಕೆ. ಅದಕ್ಕೆ ಆರು ದಿನ ಮುಂಚೆ, ಆಗಸ್ಟ್ 15ರ ಬೆಳಗಿನ ಜಾವದ ಮಳೆಗೆ ಬಿಟಿಎಂ ಲೇಔಟು, ಕೋರಮಂಗಲದ ತಗ್ಗು ರಸ್ತೆಗಳು ಹೊಳೆಯಾಗಿದ್ದವು. ಆ ವರ್ಷ ಬೆಂಗಳೂರಿಗೆ ಬಿದ್ದ ಮಳೆ ಸುಮಾರು 1,696 ಮಿಲಿಮೀಟರು, ಅಲ್ಲಿಯವರೆಗಿನ ದಾಖಲೆಗಳನ್ನೆಲ್ಲ ಮುರಿದದ್ದು. ವಿಮಾನ ಏರುವ ಮೊದಲೇ ಮುಗಿಲು ಒಡೆದಿತ್ತು. ಆಮೇಲೆ ಬಂದ ಮೌಲ್ಯಮಾಪನ ವರದಿ, ಬಿತ್ತನೆಯಿಂದ ಶೇಕಡ 28ರ ಆಸುಪಾಸು ಮಳೆ ಹೆಚ್ಚಾಯಿತು ಅಂದಿತು. ತಾನಾಗಿ ಬರುವ ಮಳೆ ಯಾವುದು, ಬರಿಸಿದ ಮಳೆ ಯಾವುದು? ಹನಿಯ ಮೇಲೆ ಗುತ್ತಿಗೆದಾರರ ಮುದ್ರೆ ಇರುತ್ತದೆಯೇ?

ಬೇರೆ ಮಾಡಿ ನೋಡುವ ದಾರಿ ಇಲ್ಲದಿಲ್ಲ. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಮಳೆನೆರಳಿನ ಸೊಲ್ಲಾಪುರದಲ್ಲಿ 276 ಮೋಡಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಕೆಲವಕ್ಕೆ ಬಿತ್ತಿದರು, ಕೆಲವನ್ನು ಹಾಗೇ ಬಿಟ್ಟು ಎರಡನ್ನೂ ಅಳೆದರು. ಅನುಕೂಲ ಇದ್ದ ಜಾಗದಲ್ಲಿ ಶೇಕಡ 18ರಷ್ಟು ಹೆಚ್ಚಾಯಿತು ಅಂತ 2023ರಲ್ಲಿ ಪ್ರಕಟಿಸಿದರು. ಅದು ವಿಜ್ಞಾನ. ಬಿತ್ತದೆ ಬಿಟ್ಟ ಮೋಡ ಇಲ್ಲದಿದ್ದರೆ ಬಿತ್ತಿದ ಮೋಡದ ಲೆಕ್ಕ ಬರೀ ಜಾಹೀರಾತು.

ಇನ್ನೊಂದು ತಮಾಷೆ ನೋಡಿ. ವಿಮಾನಕ್ಕೆ ಕೋಟಿ ಕೋಟಿ ಇಟ್ಟ ಅದೇ 2019ರಲ್ಲಿ ಮುಜರಾಯಿ ಇಲಾಖೆ ಸುತ್ತೋಲೆ ಹೊರಡಿಸಿ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ, ಹೋಮ ಮಾಡಿಸಿತು. ಒಂದೇ ಸರಕಾರ, ಒಂದೇ ಮುಂಗಾರು. ಮೇಲೆ ಬೆಳ್ಳಿಯ ಉಪ್ಪು, ಕೆಳಗೆ ತುಪ್ಪದ ಹೊಗೆ. ಮಳೆ ಬಂದರೆ ಪುರೋಹಿತನೂ ನಂದು ಅಂತಾನೆ, ಕಂಪನಿಯೂ ನಂದು ಅನ್ನುತ್ತೆ. ಬರದಿದ್ದರೆ ಇಬ್ಬರೂ ದಕ್ಷಿಣೆ ವಾಪಸು ಕೊಡಲ್ಲ. ಲೆಕ್ಕ ತೋರಿಸದ ವಿಜ್ಞಾನಕ್ಕೂ ಹೋಮಕ್ಕೂ ಏನು ವ್ಯತ್ಯಾಸ?

ಹಾಗಾದರೆ ಇದೆಲ್ಲ ಉಳ್ಳವರ ನಾಟಕ, ಕಾಯ್ದೆಯೂ ಬೇಡ ಬಿತ್ತನೆಯೂ ಬೇಡ ಅಂತ ಕೆಲವು ಗೆಳೆಯರು ಹೇಳುತ್ತಾರೆ. ಅಮೆರಿಕದ ಟೆನೆಸ್ಸಿ 2024ರಲ್ಲಿ, ಫ್ಲಾರಿಡಾ 2025ರಲ್ಲಿ ಹೀಗೇ ನಿಷೇಧ ಮಾಡಿದವು. ನಾವು ಇದನ್ನ ಒಪ್ಪುವುದಿಲ್ಲ. ಮಳೆ ಹೋದ ವರ್ಷ ಜಮೀನುದಾರನಿಗೆ ಬೆಳೆ ಹೋಗುತ್ತದೆ. ಕೂಲಿಯವನಿಗೆ ಅನ್ನವೇ ಹೋಗುತ್ತದೆ. ಗುಳೆ ಹೊರಡುವ ಬಸ್ಸಿನಲ್ಲಿ ಮೊದಲು ಹತ್ತುವವರು ನಮ್ಮವರು. ಮಳೆ ಸ್ವಲ್ಪ ಹೆಚ್ಚಿಸುವ ವಿದ್ಯೆ ನಿಜವಾಗಿ ಇದ್ದರೆ ಅದು ಮೊದಲು ಬೇಕಾದದ್ದು ನಮಗೆ. ಆದ್ದರಿಂದ ಕಾಯ್ದೆ ಬೇಕು. ಪ್ರಶ್ನೆ ಏನೆಂದರೆ, ಎಂಥಾ ಕಾಯ್ದೆ?

ಕಾಯ್ದೆ ಇಲ್ಲದಿದ್ದರೆ ದುಡ್ಡಿದ್ದವರ ಕೈಗೆ ಮೋಡ ಹೋಗುತ್ತದೆ. ಇವತ್ತು ಒಬ್ಬ ಶಾಸಕರು ಬರಗಾಲಕ್ಕೆ ಅಂತ ವಿಮಾನ ತಂದರು. ನಾಳೆ ಸಕ್ಕರೆ ಕಾರ್ಖಾನೆ ಮಾಲೀಕ ತನ್ನ ಕಬ್ಬಿಗೆ ಅಂತ ತರಬಹುದು. ಮೆಕ್ಸಿಕೋದ ಪುಯೆಬ್ಲಾದಲ್ಲಿ ಫೋಕ್ಸ್‌ವಾಗನ್ ಕಾರು ಕಾರ್ಖಾನೆಯವರು ಹೊಸ ಕಾರುಗಳ ಮೇಲೆ ಆಲಿಕಲ್ಲು ಬೀಳಬಾರದು ಅಂತ ಮುಗಿಲಿಗೆ ಶಬ್ದದ ಫಿರಂಗಿ ಹಾರಿಸುತ್ತಿದ್ದರು. ನಿಮ್ಮ ಫಿರಂಗಿಯಿಂದ ನಮ್ಮ ಮಳೆ ಹೋಯಿತು ಅಂತ 2018ರಲ್ಲಿ ಸುತ್ತಲ ರೈತರು ಎದ್ದು ನಿಂತರು. ಫಿರಂಗಿಗೆ ಆಲಿಕಲ್ಲು ನಿಲ್ಲುತ್ತದೆ ಅನ್ನೋದನ್ನೇ ವಿಜ್ಞಾನಿಗಳು ಒಪ್ಪುವುದಿಲ್ಲ. ಆದರೆ ರೈತರ ಪ್ರಶ್ನೆ ಸುಳ್ಳಲ್ಲ: ನಮ್ಮನ್ನು ಕೇಳದೆ ನಮ್ಮ ಮುಗಿಲಿಗೆ ಕೈ ಹಾಕಲು ನೀವು ಯಾರು? ಇನ್ನೂ ಘೋರವಾದದ್ದು ವಿಯೆಟ್ನಾಮಿನಲ್ಲಿ ನಡೆದಿತ್ತು. 1967ರಿಂದ 1972ರವರೆಗೆ ಅಮೆರಿಕದ ಸೇನೆ ಅಲ್ಲಿನ ಹೋರಾಟಗಾರರ ದಾರಿ ಕೆಸರಾಗಲಿ ಅಂತ ಗುಟ್ಟಾಗಿ ಮೋಡ ಬಿತ್ತಿತು. ಅದು ಬಯಲಾದ ಮೇಲೇ ಹವಾಮಾನವನ್ನು ಯುದ್ಧದ ಆಯುಧ ಮಾಡಬಾರದು ಅಂತ ಲೋಕದ ದೇಶಗಳು ಒಪ್ಪಂದ ಮಾಡಿಕೊಂಡದ್ದು. 1978ರಿಂದ ಅದು ಜಾರಿಯಲ್ಲಿದೆ.

ಕಾಯ್ದೆ ಬಂದ ಕೂಡಲೇ ನೀರು ಬರುತ್ತದೆ ಅಂತಲೂ ನಂಬಬೇಡಿ. ಮಹಾಡ್ ನೆನಪಿಸಿಕೊಳ್ಳಿ. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿರಬೇಕು ಅಂತ ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡಿನ ಪುರಸಭೆಯೂ ಚೌದಾರ್ ಕೆರೆ ತೆರೆದಿದೆ ಅಂತ ಬರೆದಿಟ್ಟಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು, ನೆಲದ ಮೇಲೆ ಮುಚ್ಚಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಬೊಗಸೆ ನೀರು ಎತ್ತಿದ ಮೇಲೇ ಅದು ತೆರೆದದ್ದು. ಮೇಲ್ಜಾತಿಯವರು ಕೆರೆಗೆ ಪಂಚಗವ್ಯ ಸುರಿದು ಶುದ್ಧ ಮಾಡಿದರು, ಕೆರೆ ಖಾಸಗಿ ಸ್ವತ್ತು ಅಂತ ಕೋರ್ಟಿಗೂ ಹೋದರು. ಮುಂಬಯಿ ಹೈಕೋರ್ಟಿನ ತೀರ್ಪು ನಮ್ಮ ಪರ ಬಂದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷದ ದಾವೆ! ಕೆರೆ ಯಾರದು ಅನ್ನೋ ಪ್ರಶ್ನೆಗೇ ಇಷ್ಟು ಕಾಲ ಹಿಡಿದರೆ ಮೋಡ ಯಾರದು ಅನ್ನೋದಕ್ಕೆ ಎಷ್ಟು ಹಿಡಿಯಬಹುದು? ಆದ್ದರಿಂದ ಈಗಲೇ ಬಾಯಿ ಬಿಡಬೇಕು.

ನಮ್ಮ ಬಡಾವಣೆಗಳನ್ನೇ ನೋಡಿ. ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯ್ದೆ ಇದೆ. ಆದರೂ 2024ರ ಬೇಸಿಗೆಯಲ್ಲಿ ನಗರದ ಸುಮಾರು 13,900 ಸರಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದವು ಅಂತ ಸರಕಾರವೇ ಹೇಳಿತು. 6,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ಜಯನಗರದ ಬಂಗಲೆಗೆ ಸಂಪು ಇದೆ, ಟ್ಯಾಂಕರ್ ಇಳಿಸಿಕೊಂಡಿತು. ಬನಶಂಕರಿಯ ಹಿಂಭಾಗದ ವಠಾರದಲ್ಲಿ, ಜೆ.ಪಿ. ನಗರದ ಕೊಳೆಗೇರಿಯಲ್ಲಿ ಟ್ಯಾಂಕರ್ ಇಳಿಸಿಕೊಳ್ಳಲು ಸಂಪು ಎಲ್ಲಿದೆ? ಬಿಂದಿಗೆ ಇದೆ ಅಷ್ಟೆ.

ಮಳೆ ಹೆಚ್ಚಾದರೂ ಅದೇ ಕತೆ. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟಿನ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನುಗ್ಗಿದ ಮಳೆನೀರು ಹೊರಹಾಕುವಾಗ ಕರೆಂಟು ಹೊಡೆದು ಇಬ್ಬರು ಸತ್ತರು. ಅದರಲ್ಲಿ ಒಬ್ಬ 12 ವರ್ಷದ ಹುಡುಗ. ಮ್ಯಾನ್‌ಹೋಲ್ ಉಕ್ಕಿದಾಗ ಅದರೊಳಗೆ ಇಳಿಯುವವರು ಯಾರು? ಇಳಿಸಬಾರದು ಅಂತ 2013ರ ಕಾಯ್ದೆ ಇದೆ. ಇಳಿಸುವುದು ನಿಂತಿಲ್ಲ. ಬರ ಬಂದರೂ ನಮ್ಮ ಮೇಲೆ, ನೆರೆ ಬಂದರೂ ನಮ್ಮ ಮೇಲೆ. ಹೀಗಿರುವಾಗ ಮಳೆ ತರಿಸುವ ಕಾಯ್ದೆಯಲ್ಲಿ ನಮ್ಮ ಮಾತು ಇರಬೇಡವೆ?

ಆದ್ದರಿಂದ ನಾವು ಕೇಳುವುದು ಇಷ್ಟು.

ಒಂದು. ಖಾಸಗಿಯವರಾಗಲಿ ಸರಕಾರವಾಗಲಿ, ಅನುಮತಿ ಇಲ್ಲದೆ ಮೋಡ ಮುಟ್ಟಬಾರದು. ಯಾವ ದಿನ, ಯಾವ ಸೀಮೆ, ಯಾವ ಪುಡಿ, ಎಷ್ಟು ಅಂತ ಮುಂಚೆಯೇ ಗ್ರಾಮಸಭೆಗೆ, ವಾರ್ಡಿಗೆ ಕನ್ನಡದಲ್ಲಿ ತಿಳಿಸಬೇಕು. ಅಮೆರಿಕದಲ್ಲಿ ಇಂಥ ಪ್ರತಿ ಹಾರಾಟವನ್ನೂ ಸರಕಾರಕ್ಕೆ ವರದಿ ಮಾಡಲೇಬೇಕು ಅಂತ 1971ರಿಂದಲೇ ಕಾನೂನಿದೆ.

ಎರಡು. ಹಾರಿದವರೇ ಅಂಕ ಹಾಕಿಕೊಳ್ಳಬಾರದು. ಸೊಲ್ಲಾಪುರದ ಹಾಗೆ ಬಿತ್ತಿದ್ದು, ಬಿಟ್ಟದ್ದು ಎರಡನ್ನೂ ಹೊರಗಿನ ವಿಜ್ಞಾನಿಗಳು ಅಳೆಯಬೇಕು. ಅಂಕಿ ಅಂಶ ಯಾವ ವಿದ್ಯಾರ್ಥಿ ಕೇಳಿದರೂ ಸಿಗಬೇಕು.

ಮೂರು. ಭಾರೀ ಮಳೆಯ ಮುನ್ಸೂಚನೆ ಇದ್ದ ದಿನ ವಿಮಾನ ಏಳಬಾರದು. ಬಿತ್ತನೆಯಿಂದ ಹಾನಿಯಾದರೆ ಪರಿಹಾರ ಪಹಣಿ ಇದ್ದವನಿಗೆ ಮಾತ್ರ ಅಲ್ಲ. ಗುತ್ತಿಗೆಗೆ ಉಳುವವನಿಗೆ, ಕೂಲಿಯವಳಿಗೆ, ಹಕ್ಕುಪತ್ರ ಇಲ್ಲದ ಗುಡಿಸಲಿಗೂ ಸಿಗಬೇಕು. ಈ ದೇಶದ ಸಾಗುವಳಿ ಭೂಮಿಯಲ್ಲಿ ಪರಿಶಿಷ್ಟ ಜಾತಿಯವರ ಕೈಯಲ್ಲಿರುವುದು ಶೇಕಡ 9ಕ್ಕಿಂತ ಕಡಿಮೆ. ಪಹಣಿ ಕೇಳಿ ಪರಿಹಾರ ಕೊಟ್ಟರೆ ನಮಗೆ ಕೊಡಲ್ಲ ಅಂತಲೇ ಅರ್ಥ.

ನಾಲ್ಕು. ಇದು ಬಹಳ ಮುಖ್ಯ. ಮಳೆ ಎಲ್ಲರ ಮೇಲೂ ಬೀಳುತ್ತದೆ, ದಲಿತರ ಮೇಲೂ ಬೀಳುತ್ತದೆ ಅಂತ ಹೇಳಿ ಈ ಖರ್ಚಿನ ಪಾಲನ್ನು ಪರಿಶಿಷ್ಟರ ಉಪಯೋಜನೆಯ ಲೆಕ್ಕಕ್ಕೆ ಬರೆಯಬಾರದು. 2013ರ ಉಪಯೋಜನೆ ಕಾಯ್ದೆಯಲ್ಲಿ 7ಡಿ ಅನ್ನೋ ಕಿಂಡಿ ಇತ್ತು. ಸಾಮಾನ್ಯ ಕಾಮಗಾರಿಯನ್ನೂ ನಮಗೆ ಖರ್ಚಾಯಿತು ಅಂತ ಭಾವಿಸಿಕೊಳ್ಳುವ ಕಿಂಡಿ ಅದು. ಹೋರಾಟ ಮಾಡಿದ ಮೇಲೆ 2023ರಲ್ಲಿ ಅದನ್ನು ಮುಚ್ಚಿದರು. ಮುಚ್ಚಿದ ಕಿಂಡಿಯನ್ನು ಮೋಡದ ನೆಪದಲ್ಲಿ ಯಾರೂ ತೆರೆಯದಂತೆ ಕಾಯ್ದೆಯಲ್ಲೇ ಬರೆಯಲಿ. ನಮ್ಮ ಹಾಸ್ಟೆಲಿನ ದುಡ್ಡು ಹೊಗೆಯಾಗಿ ಆಕಾಶಕ್ಕೆ ಹೋಗುವುದು ಬೇಡ.

ಐದು. ಬಿದ್ದ ನೀರಿನ ಮೊದಲ ಹಕ್ಕು ಕುಡಿಯುವ ಬಿಂದಿಗೆಗೆ. ತೀರ್ಮಾನ ಮಾಡುವ ಸಮಿತಿಯಲ್ಲಿ ಅಧಿಕಾರಿ, ವಿಜ್ಞಾನಿ ಮಾತ್ರವಲ್ಲ, ಭೂಮಿ ಇಲ್ಲದ ಕೂಲಿಯವರೂ ಕೂರಬೇಕು.

ಸಂವಿಧಾನದ ಏಳನೇ ಪರಿಚ್ಛೇದ ತೆಗೆದು ನೋಡಿ. ನೀರು ರಾಜ್ಯದ ಪಟ್ಟಿಯಲ್ಲಿದೆ, ಹವಾಮಾನ ಸಂಸ್ಥೆಗಳು ಕೇಂದ್ರದ ಪಟ್ಟಿಯಲ್ಲಿವೆ. ಮೋಡ ಅನ್ನೋ ಪದ ಯಾವ ಪಟ್ಟಿಯಲ್ಲೂ ಇಲ್ಲ. ಕಾನೂನು ಓದುವ ಗೆಳೆಯರೇ, ಇದು ನಿಮ್ಮ ಕೆಲಸ. ಮುಂದಿನ ಭಾನುವಾರ ಹಾಸ್ಟೆಲಿನ ಊಟದ ಹಾಲ್‌ನಲ್ಲಿ ಕೂತು ಈ ಐದು ಬೇಡಿಕೆಗಳನ್ನು ಚರ್ಚೆ ಮಾಡಿ. ತಪ್ಪಿದ್ದರೆ ತಿದ್ದಿ, ಕಮ್ಮಿ ಇದ್ದರೆ ಸೇರಿಸಿ, ಸಹಿ ಹಾಕಿ ನಿಮ್ಮ ನಿಮ್ಮ ಕ್ಷೇತ್ರದ ಶಾಸಕರಿಗೆ ಕಳಿಸಿ. ಊರಿಗೆ ಹೋದಾಗ ಕೇರಿಯಲ್ಲೂ ಓದಿ ಹೇಳಿ.

ನೆಲ ಹಂಚುವಾಗ ನಮ್ಮನ್ನು ಕರೆಯಲಿಲ್ಲ. ನೀರು ಹಂಚುವಾಗ ದೂರ ನಿಲ್ಲಿಸಿದರು. ಮುಗಿಲು ಹಂಚಲು ಕೂರುವ ದಿನ ನಾವು ಕರೆಯದಿದ್ದರೂ ಹೋಗೋಣ.

ಜೈ ಭೀಮ್.